ಬಾಳೆಪಟ್ಟೆಯ ತಂಪು

ಬದನವಾಳು
12-11-1997

ಚಿರಂಜೀವಿ ರುದ್ರೇಶನಿಗೆ,

ನಂಜುಂಡೇಶ್ವರ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿದ್ದಾನೆ ಅಂದುಕೊಂಡು ನಿನ್ನ ಅತ್ತೆ ಮಲ್ಲಾಜಮ್ಮ ಬರೆಯೋದು. ನಿಮ್ಮಪ್ಪನ ಮಂಡಿನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ತಾನೋ, ಇಲ್ಲ ಶೀಸೆ ಗೂಡಲ್ಲೇ ಕೂತಿದೆಯೋ? ನನ್ನ ತಮ್ಮನ ಬುದ್ಧಿ ನನಗೆ ಗೊತ್ತು, ನೋವಿದ್ದರೆ ತಾನೇ ಬೈಯೋಕೆ ಒಂದು ಕಾರಣ.

ಖಾದಿ ಕೇಂದ್ರಕ್ಕೆ ಈಗ ದಿನಾ ಹೋಗಲ್ಲ. ಕಣ್ಣು ಎಳೆ ಹಿಡಿಯಲ್ಲ. ಆದರೆ ಅಕ್ಷರ ಹಿಡಿಯುತ್ತೆ. ನೂಲಿನ ಲಡಿಗೆ ಕಟ್ಟೋ ಚೀಟಿ ನೋಡಿ ನೋಡಿ ಒಬ್ಬಳೇ ಕಲಿತ ಅಕ್ಷರ ಅಲ್ವೇನೋ, ಅಷ್ಟು ಸುಲಭಕ್ಕೆ ಬಿಟ್ಟು ಹೋಗಲ್ಲ.

ವಿಷಯಕ್ಕೆ ಬತ್ತೀನಿ. ಪಕ್ಕದ ಮನೆ ವೆಂಕಟಮ್ಮ ನಂಜನಗೂಡು ಆಸ್ಪತ್ರೇಲಿ ಆಯಾ ಕೆಲಸ ಮಾಡ್ತಾಳಲ್ಲ, ಅವಳು ಹೇಳಿದಳು. ಮಕ್ಕಳಾಗದೆ ಇರೋ ಗಂಡ ಹೆಂಡ್ತೀರ ಬಗ್ಗೆ ಮೈಸೂರಿಂದ ಡಾಕ್ಟರುಗಳು ಬಂದು ಸಂಶೋಧನೆ ಮಾಡ್ತಾ ಇದಾರಂತೆ. ಈ ಎರಡು ತಾಲೂಕಲ್ಲಿ ಎಷ್ಟು ಜನಕ್ಕೆ ಆಗಿಲ್ಲ, ಯಾಕೆ ಆಗಿಲ್ಲ ಅಂತ ಒಬ್ಬೊಬ್ಬರನ್ನೂ ನೋಡಿ ಬರ್ಕೋತಾರಂತೆ. ಗುರುವಾರ ನಂಜನಗೂಡು, ಮಂಗಳವಾರ ನಿಮ್ಮ ನರಸೀಪುರ. ರಮ್ಯಳನ್ನ ಕರ್ಕೊಂಡು ಹೋಗು. ನೀನು ಜೊತೇಲಿ ಹೋಗಿ ಒಂದು ರುಜು ಹಾಕಿದರೆ ಸಾಕು ಅಂತ ಕಾಣುತ್ತೆ.

ಮದುವೆ ಆಗಿ ಆರು ವರ್ಷ ಆಯ್ತು. ಮೈಸೂರಲ್ಲಿ ಎರಡು ಸಲ ಗರ್ಭ ಕೆರೆದು ತೊಳೆಸಿದ್ದಾಯ್ತು, ನಾಟಿ ಬೇರು ಕುಡಿಸಿದ್ದಾಯ್ತು. ಕಪಿಲೇಲಿ ಮುಳುಗಿ ಒದ್ದೆ ಸೀರೇಲಿ ಅವಳು ದೇವಸ್ಥಾನದ ಸುತ್ತ ಉರುಳುವಾಗ ಅವಳ ಜಡೆ ಕಲ್ಲಿಗೆ ಸಿಗದ ಹಾಗೆ ಹಿಡ್ಕೊಂಡು ನಡೆದವಳು ನಾನೇ. ದೀಪಾವಳಿಗೆ ಬಂದಾಗ ನಿಮ್ಮಪ್ಪ ಬೇರೆ ಹೆಣ್ಣಿನ ಮಾತೆತ್ತಿದ. ಬರೋ ದೀಪಾವಳಿವರೆಗೂ ಸುಮ್ನಿರು ಅಂತ ಬಾಯಿ ಮುಚ್ಚಿಸಿದೀನಿ. ಅದಕ್ಕೇ ಬರೀತಿರೋದು. ರಮ್ಯಂಗೆ ನನ್ನ ಆಶೀರ್ವಾದ ಹೇಳು.

ನಿನ್ನ ಅತ್ತೆ
ಮಲ್ಲಾಜಮ್ಮ


ತಿ. ನರಸೀಪುರ
3-12-1997

ಪೂಜ್ಯ ಅತ್ತೆಗೆ ರುದ್ರೇಶನ ನಮಸ್ಕಾರ.

ನಿನ್ನ ಕಾಗದ ಬಂತು. ಅಪ್ಪನ ಎಣ್ಣೆ ಶೀಸೆ ಗೂಡಲ್ಲೇ ಇದೆ.

ನಿನ್ನೆ ಮಂಗಳವಾರ ಹೋಗಿದ್ವಿ. ಆಸ್ಪತ್ರೆ ಮುಂದಿನ ಹಜಾರದಲ್ಲಿ ಒಂದು ಉದ್ದ ಬೆಂಚು ಹಾಕಿದಾರೆ. ಸಂಶೋಧನೆಗೆ ಬಂದೋರೆಲ್ಲ ಅಲ್ಲೇ ಕೂರಬೇಕು. ವೀಳ್ಯದೆಲೆ ಮಂಡಿಗೆ ಹೋಗೋ ದಾರಿ ಅದು, ಓಡಾಡೋರೆಲ್ಲ ತಿರುಗಿ ನೋಡ್ತಾರೆ. ರಮ್ಯ ಕೂತಿದ್ದಳು. ನಾನು ಹೊರಗೆ ಟೀ ಅಂಗಡಿ ಹತ್ರ ನಿಂತಿದ್ದೆ. ಅವಳ ರಕ್ತ ತಗೊಂಡ್ರು, ಇನ್ನೂ ಮೂರ್ನಾಲ್ಕು ವಾರ ಬರಬೇಕಂತೆ. ನನ್ನನ್ನೂ ಏನೋ ಕೇಳಿದ್ರು. ಆಮೇಲೆ ನೋಡೋಣ ಅಂತ ಬಂದೆ. ಈಗ ಎಲೆ ಕೊಯ್ಲು, ನನಗೆಲ್ಲಿ ಪುರುಸೊತ್ತು.

ಬಳ್ಳಿ ಈ ಸಲ ಚೆನ್ನಾಗಿ ಹಬ್ಬಿದೆ. ಮಂಡಿಯ ಸೋಮಶೇಖರ್ ವಾರಕ್ಕೊಂದು ಸಲ ತೋಟಕ್ಕೇ ಬಂದು ಎಲೆ ತಗೊಂಡು ಹೋಗ್ತಾನೆ. ತಮಾಷೆ ಮನುಷ್ಯ, ಅಪ್ಪನ್ನೂ ನಗಿಸ್ತಾನೆ.

ರಮ್ಯ ನಮಸ್ಕಾರ ಹೇಳಿದಾಳೆ.

ರುದ್ರೇಶ್


ಬದನವಾಳು
9-1-1998

ರುದ್ರೇಶ,

ಸಂಕ್ರಾಂತಿಗೆ ಎಳ್ಳು ಹುರಿದಿಟ್ಟಿದೀನಿ, ಯಾರಾದ್ರೂ ಆ ಕಡೆ ಬಂದರೆ ಕಳಿಸ್ತೀನಿ.

‘ನನ್ನನ್ನೂ ಏನೋ ಕೇಳಿದ್ರು’ ಅಂತ ಬರೆದಿದ್ದೆಯಲ್ಲ, ಆ ಏನೋ ಅನ್ನೋದು ಏನು ಅಂತ ವೆಂಕಟಮ್ಮನ್ನ ಕೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ, ಗಂಡಸಿಗೆಂಥ ಪರೀಕ್ಷೆ ಅಂತ. ಆಮೇಲೆ ನಂಜನಗೂಡಿಗೆ ಹೋದಾಗ ಆ ಡಾಕ್ಟರುಗಳ ರೂಮಿನ ಬಾಗಿಲಿಗೆ ಅಂಟಿಸಿರೋ ಕಾಗದ ನಾನೇ ಓದಿದೆ. ಇಬ್ಬರನ್ನೂ ನೋಡಬೇಕು, ಹೆಂಗಸರಲ್ಲೇ ದೋಷ ಅನ್ನೋದು ಸುಳ್ಳು ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಗಂಡಸರು ಏನು ಕೊಡಬೇಕು ಅಂತಲೂ ಇತ್ತು. ಆ ಪದ ಈ ಸಾಲಲ್ಲಿ ಬರೆದು, ಮತ್ತೆ ಹೊಡೆದು ಹಾಕಿದೀನಿ. ಕಪ್ಪು ಗೆರೆ ಕಾಣುತ್ತಲ್ಲ, ಅದೇ. ನಿಮ್ಮಮ್ಮ ಹೋದ ಮೇಲೆ ನಿನ್ನನ್ನ ಈ ಕೈಲೇ ತೊಳೆದು ಬೆಳೆಸಿದೋಳು ನಾನು, ನನಗೇನು ನಾಚಿಕೆ ಅಂದುಕೊಂಡೇ ಪೆನ್ನು ಹಿಡಿದೆ. ಕೈ ಮುಂದಕ್ಕೆ ಹೋಗಲಿಲ್ಲ.

ಕೊಟ್ಟುಬಿಡೋ ಮಗ. ನಿಮ್ಮೂರ ಬೆಂಚು ಬೇಡ ಅಂದರೆ ನಂಜನಗೂಡಿಗೆ ಬಾ. ಇಲ್ಲಿ ನಿನ್ನ ಗುರುತು ಹಿಡಿಯೋರಿಲ್ಲ. ನಮ್ಮ ಮನೆಗೂ ಬರೋದು ಬೇಡ, ನಾನು ಕೇಳಲ್ಲ. ಆಸ್ಪತ್ರೇಲಿ ಮುಜುಗರ ಆದರೆ ಮನೆಯಿಂದಲೂ ತರಬಹುದಂತೆ. ಅದರಲ್ಲಿ ಜೀವ ಇರುತ್ತಂತೆ, ಜೀವ ಆರೋದರೊಳಗೆ ತಲುಪಿಸಬೇಕಂತೆ. ಎಲೆ ಬೆಳೆಯೋನು ನೀನು, ಬಾಡದ ಹಾಗೆ ಊರಿಂದೂರಿಗೆ ಸಾಗಿಸೋದು ನಿನಗೆ ಹೇಳಿಕೊಡಬೇಕಾ?

ಈ ಕಾಗದ ಒಲೆಗೆ ಹಾಕು.

ಅತ್ತೆ


ತಿ. ನರಸೀಪುರ
18-3-1998

ಅತ್ತೆ,

ಹೋಗಿ ಬಂದೆ. ಆಯ್ತು. ರಮ್ಯಳ ಪರೀಕ್ಷೆಗಳೂ ಮುಗಿದವು. ಬರೆಯೋಕೆ ಇನ್ನೇನೂ ಇಲ್ಲ. ಈ ವಿಷಯ ಮತ್ತೆ ಕೇಳಬೇಡ.

ರುದ್ರೇಶ್


ಬದನವಾಳು
20-4-1998

ಚಿರಂಜೀವಿ ರುದ್ರೇಶನಿಗೆ ಆಶೀರ್ವಾದ.

ಯುಗಾದಿಗೂ ಬರಲಿಲ್ಲ, ಕಾಗದವೂ ಇಲ್ಲ. ಕೇಳಬೇಡ ಅಂದಿದ್ದಕ್ಕೆ ಇಷ್ಟು ದಿನ ತಡೆದುಕೊಂಡೆ.

ನಿನ್ನ ಆ ನಾಲ್ಕು ಸಾಲು ಓದಿದಾಗಲೇ ಅರ್ಥ ಆಯ್ತು. ರಮ್ಯಂಗೆ ಆಗಲ್ಲ ಅಂದಿದಾರೆ, ಅದನ್ನ ನನಗೆ ಬರೆಯೋಕೆ ನಿನಗೆ ಸಂಕಟ. ಅವಳಿಗೆ ಏನೂ ಅನ್ನಬೇಡ. ಅವಳ ಹೊಟ್ಟೆ ಅವಳ ಕೈಲಿಲ್ಲ. ನಿಮ್ಮಪ್ಪ ಹಟ ಹಿಡಿದರೆ ನಾನೂ ಎಷ್ಟು ದಿನ ಅಡ್ಡ ನಿಲ್ಲಲಿ? ನನ್ನ ಮನಸ್ಸಿಗೆ ಬಂದಿದ್ದು ಬರೀತೀನಿ. ಇನ್ನೊಬ್ಬಳನ್ನ ತಂದರೂ ರಮ್ಯಳನ್ನ ಹೊರಗೆ ಹಾಕಬೇಡ. ನಮ್ಮ ಅಜ್ಜಿ ಕಾಲದಲ್ಲಿ ಇಬ್ಬರೂ ಒಂದೇ ಒಲೇಲಿ ಬೇಯಿಸಿಕೊಂಡು ಅಕ್ಕತಂಗೀರ ಹಾಗೆ ಇದ್ದದ್ದು ನಾನು ನೋಡಿದೀನಿ. ಅವಳು ಒಳ್ಳೇ ಹುಡುಗಿ, ಹೇಳಿದರೆ ತಿಳ್ಕೋತಾಳೆ.

ತಪ್ಪಾಗಿ ತಿಳಿದಿದ್ದರೆ ಒಂದು ಕಾರ್ಡು ಹಾಕು. ಹಾಕದೆ ಇದ್ದರೆ ಇದೇ ಸರಿ ಅಂದುಕೊಳ್ತೀನಿ.

ಅತ್ತೆ


ತಿ. ನರಸೀಪುರ
14-7-1998

ಅತ್ತೆ,

ಕಾರ್ಡು ಹಾಕಲಿಲ್ಲ ನಾನು. ಮೂರು ತಿಂಗಳು ನೀನು ಆ ಸುಳ್ಳನ್ನೇ ನಂಬಿಕೊಂಡಿರಲಿ ಅಂತ ಬಿಟ್ಟೆ. ಈಗ ಬರೀತಿರೋದನ್ನ ನಿನ್ನ ಬಿಟ್ಟು ಇನ್ಯಾರಿಗೂ ಹೇಳೋ ಹಾಗಿಲ್ಲ.

ರಮ್ಯ ಬಸುರಿ. ಎರಡು ತಿಂಗಳು ಕಳೀತಂತೆ. ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದ, ಮಠಕ್ಕೆ ಹೋಗಿ ಸ್ವಾಮಿಗಳ ಕಾಲಿಗೆ ಬಿದ್ದು ಬಂದ. ಮಂಡೀನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ. ಸಿಕ್ಕಿದೋರೆಲ್ಲ ನನ್ನ ಬೆನ್ನು ತಟ್ತಾರೆ. ಅವರು ತಟ್ಟಿದಾಗೆಲ್ಲ ನನಗೆ ಎಲ್ಲಾದರೂ ಬಚ್ಚಿಟ್ಟುಕೊಳ್ಳಬೇಕು ಅನ್ನಿಸುತ್ತೆ.

ಆಗಲ್ಲ ಅಂದದ್ದು ರಮ್ಯಂಗಲ್ಲ ಅತ್ತೆ. ಅವಳಲ್ಲಿ ಏನೂ ದೋಷ ಇಲ್ಲ ಅಂತ ಫೆಬ್ರವರೀಲೇ ನನಗೆ ಹೇಳಿದ್ದರು. ಆಗಲ್ಲ ಅಂದದ್ದು ನನಗೆ.

ನೀನು ಹೇಳಿದ ಹಾಗೇ ಮಾಡಿದೆ. ಶಿವರಾತ್ರಿ ಮಾರನೇ ದಿನ ಗುರುವಾರ. ಜಾಗರಣೆ ಮಾಡಿ ಮನೇಲಿ ಎಲ್ಲರೂ ಮಲಗಿದ್ದರು. ಹಬ್ಬದ ಮಾರನೇ ದಿನ ಇಂಥ ಕೆಲಸ ಅಂತ ಮನಸ್ಸು ಹಿಂಜರೀತು, ಆದರೆ ಯಾರೂ ನೋಡದ ಬೆಳಗ್ಗೆ ಅದೊಂದೇ. ತೋಟದ ಪಂಪ್‌ಸೆಟ್ ಮನೇಲಿ ಬಾಗಿಲು ಹಾಕ್ಕೊಂಡೆ. ಆಸ್ಪತ್ರೆಯೋರು ಮೊದಲೇ ಕೊಟ್ಟಿದ್ದ ಪುಟ್ಟ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿದೆ. ಅದರ ಮೇಲೆ ಎಳೇ ಬಾಳೆಪಟ್ಟೆ ಸುತ್ತಿ, ನೀರು ಚಿಮುಕಿಸಿ, ಬಾಳೆನಾರಲ್ಲಿ ಕಟ್ಟಿದೆ. ಎಲೆ ಹಾಗೆ ಕಟ್ಟಿದರೆ ಮಾರನೇ ದಿನ ಬಿಚ್ಚಿದರೂ ಆಗ ತಾನೇ ಕೊಯ್ದ ಹಾಗಿರುತ್ತೆ, ನಿನಗೇ ಗೊತ್ತು. ಬಸ್ಸು ತಗಡೂರಲ್ಲಿ ಕೆಟ್ಟು ನಿಂತಿತು. ಬೋರ್‌ವೆಲ್ ಹತ್ರ ಹೋಗಿ ಮತ್ತೆ ನೀರು ಚಿಮುಕಿಸಿದೆ. ನನ್ನ ಕೈಲಾದ ಜೋಪಾನ ಎಲ್ಲ ಮಾಡಿದೆ. ನಂಜನಗೂಡು ಆಸ್ಪತ್ರೇಲಿ ಡಬ್ಬಿ ತಗೊಳ್ಳೋ ಹುಡುಗಿ, ಎಷ್ಟು ಹೊತ್ತಾಯ್ತು ಅಂತ ಕೇಳಿದಳು. ಅವಳ ಮುಖ ನೋಡೋಕಾಗದೆ, ಈಗ ಅರ್ಧ ಗಂಟೆ ಅಂದೆ. ಬಾಳೆಪಟ್ಟೆ ಬಿಚ್ಚಿ ಬೀದೀಲೇ ಎಸೆದು ಒಳಗೆ ಹೋಗಿದ್ದೆ.

ಹದಿನೈದು ದಿನ ಬಿಟ್ಟು ಹೋದೆ. ಒಂದಕ್ಕೂ ಜೀವ ಇಲ್ಲ ಅಂತ ಬರೆದಿತ್ತು. ಇನ್ನೊಂದು ಸಲ ತಂದು ಕೊಡಿ, ಒಂದೇ ಸಲಕ್ಕೆ ತೀರ್ಮಾನ ಮಾಡಲ್ಲ ಅಂದರು. ಸತ್ತದ್ದನ್ನ ಎರಡು ಸಲ ನೋಡೋದು ಯಾಕೆ ಅಂತ ಬಂದುಬಿಟ್ಟೆ. ಅದಾದ ಮೇಲೆ ನಿನಗೆ ನಾಲ್ಕು ಸಾಲು ಬರೆದದ್ದು.

ಈಗ ಹೇಳು ಅತ್ತೆ, ಇದು ಎಲ್ಲಿಂದ ಬಂತು? ಯಾರು ಅಂತ ಕೇಳೋಕೂ ನಾಲಗೆ ಬರಲ್ಲ. ಸೋಮಶೇಖರ್ ಬಂದರೆ ಅವಳು ನಗ್ತಾ ನೀರು ಕೊಡ್ತಾ ಇದ್ದಳು. ಇನ್ಮೇಲೆ ತೋಟಕ್ಕೆ ಬರಬೇಡ ಅಂತ ಅವನಿಗೆ ಹೇಳಿದೀನಿ. ಯಾಕಣ್ಣ ಅಂದ. ಬೆನ್ನು ತಿರುಗಿಸಿ ಬಳ್ಳಿ ಸಾಲಿನೊಳಗೆ ಹೋದೆ. ರಮ್ಯ ರಾತ್ರಿ ನನ್ನ ಕೈ ಹಿಡಿದು ಹೊಟ್ಟೆ ಮೇಲಿಟ್ಟುಕೊಂಡರೆ ನಾನು ತೆಗೆದುಬಿಡ್ತೀನಿ. ಏನು ಮಾಡಲಿ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ.

ರುದ್ರೇಶ್


ಬದನವಾಳು
18-7-1998

ರುದ್ರೇಶ,

ನಿನ್ನ ಕಾಗದ ಓದಿ ನೀರೂ ಕುಡೀಲಿಲ್ಲ. ಅವಳ ಜಡೆ ಹಿಡ್ಕೊಂಡು ಪ್ರಾಕಾರ ಸುತ್ತಿದ ಕೈ ಇದು. ಆ ಕೈಗೆ ಹೀಗೆ ಮಾಡಿದಳಲ್ಲ.

ಗಲಾಟೆ ಮಾಡಬೇಡ. ನಿಮ್ಮಪ್ಪನಿಗೆ ಗೊತ್ತಾದರೆ ಊರಿಗೇ ಗೊತ್ತಾದ ಹಾಗೆ. ಚೊಚ್ಚಲ ಬಾಣಂತನ ತೌರಿನದು, ಈಗಲೇ ತಲಕಾಡಿಗೆ ಬಿಟ್ಟು ಬಾ. ಯಾರೂ ಅನುಮಾನ ಪಡಲ್ಲ. ಹೆರಿಗೆ ಆದಮೇಲೆ ಕರೆಯೋಕೆ ಹೋಗಬೇಡ. ವರ್ಷ ಕಳೆದರೆ ಜನ ತಾವೇ ಒಂದು ಕತೆ ಕಟ್ಟಿಕೊಳ್ತಾರೆ. ಆ ಮಗು ನಮ್ಮ ಮನೆ ತೊಟ್ಟಿಲಲ್ಲಿ ಮಲಗೋದು ಬೇಡ. ಅವಳ ನಗು ನೋಡಿ ನಾನೂ ಮೋಸ ಹೋದೆ.

ಮಲ್ಲಾಜಮ್ಮ


ಬದನವಾಳು
10-8-1998

ನನ್ನಪ್ಪ ರುದ್ರೇಶ,

ಹೋದ ಕಾಗದ ನಿನ್ನ ಕೈಗೆ ಸಿಗದೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಸಿಕ್ಕಿದ್ದರೆ ಈಗಲೇ ಸುಟ್ಟುಹಾಕು. ಇದನ್ನ ನಿಂತ ನಿಲುವಲ್ಲೇ ಓದು.

ಗುರುವಾರ, ಸಂಶೋಧನೆಗೆ ಮೈಸೂರಿಂದ ಬರೋ ಡಾಕ್ಟ್ರಮ್ಮನ ಹತ್ರ ಹೋಗಿದ್ದೆ. ನಿಜ ಹೇಳ್ತೀನಿ, ರಮ್ಯಳ ಪರವಾಗಿ ಹೋದದ್ದಲ್ಲ. ನಿನಗೆ ಏನಾದರೂ ಮದ್ದಿದೆಯಾ, ಇನ್ನೊಂದು ಮದುವೆ ಮಾಡಿದರೆ ಫಲ ಇದೆಯಾ ಅಂತ ಕೇಳೋಕೆ ಹೋದೆ. ಅಷ್ಟು ಕೆಟ್ಟಿತ್ತು ನನ್ನ ಮನಸ್ಸು.

ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿನ್ನ ಹೆಸರು ಬಾಯಿಗೆ ಬರೋದರೊಳಗೆ ಕೈ ಅಡ್ಡ ಹಿಡಿದಳು. ‘ಹೆಸರು ಹೇಳಬೇಡಿ ಅಜ್ಜಿ. ಹೇಳಿದರೆ ಅವರ ವಿಷಯ ನಿಮ್ಮ ಹತ್ರ ನಾನು ಮಾತಾಡೋ ಹಾಗಿಲ್ಲ,’ ಅಂದಳು. ಸರಿ, ಎಲೆ ಬೆಳೆಯೋ ಒಬ್ಬ ಮನುಷ್ಯ ಅಂತ ಶುರು ಮಾಡಿದೆ. ನೀನು ಎಷ್ಟು ಜೋಪಾನವಾಗಿ ತಂದೆ ಅಂತ ಹೇಳೋ ಹೆಮ್ಮೆ ನೋಡು ನನಗೆ, ಒದ್ದೆ ಬಟ್ಟೆ, ಬಾಳೆಪಟ್ಟೆ, ತಗಡೂರ ಬೋರ್‌ವೆಲ್ಲು, ಎಲ್ಲ ಹೇಳಿದೆ. ಅವಳು ಬರೆಯೋದು ನಿಲ್ಲಿಸಿ ಪೆನ್ನು ಕೆಳಗಿಟ್ಟಳು.

‘ಅಜ್ಜಿ, ಎಲೆಗೆ ತಂಪು ಬೇಕು. ಇದಕ್ಕೆ ಬೇಕಾದ್ದು ಮೈಕಾವು. ಡಬ್ಬೀನ ಒಳಜೇಬಲ್ಲೋ ಕಂಕುಳಲ್ಲೋ ಇಟ್ಟುಕೊಂಡು ಒಂದು ಗಂಟೆಯೊಳಗೆ ತರಬೇಕು. ಹೊತ್ತು ಮೀರಿ ತಣ್ಣಗೆ ಕೂತದ್ದರಲ್ಲಿ ನಾನು ಹುಡುಕಿದರೆ ಏನು ಸಿಗುತ್ತೆ?’

ಇದನ್ನ ಮೊದಲೇ ಯಾಕಮ್ಮ ಹೇಳಲಿಲ್ಲ ಅಂದೆ. ಎಲ್ಲರಿಗೂ ಹೇಳ್ತೀವಿ, ಡಬ್ಬಿ ಕೈಗೆ ಸಿಕ್ಕಿದ ಕೂಡಲೇ ಗಂಡಸರು ಅರ್ಧ ಮಾತಿಗೇ ಓಡಿಹೋಗ್ತಾರೆ, ಹೊತ್ತು ಕೇಳಿದರೂ ಸುಳ್ಳು ಹೇಳ್ತಾರೆ ಅಂದಳು. ಹಾಗಾದರೆ ಅವನಲ್ಲಿ ಏನೂ ದೋಷ ಇರಲಿಲ್ವಾ ಅಂತ ಕೇಳಿದೆ. ಅದನ್ನೂ ಹೇಳೋಕಾಗಲ್ಲವಂತೆ. ಆ ಫಲಿತಾಂಶದ ಕಾಗದ ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ, ಅದಕ್ಕೆ ಬೆಲೆಯೇ ಇಲ್ಲ ಅಂದಳು. ಬೇಕಾದರೆ ಇನ್ನೊಂದು ಸಲ ಬಂದು ಕೊಡಲಿ.

ಬಾಡದ ಹಾಗೆ ತಾ ಅಂತ ಬರೆದವಳು ನಾನು. ನಂಜನಗೂಡಿಗೆ ಬಾ ಅಂದವಳೂ ನಾನೇ. ಆಮೇಲೆ ಅವಳ ಮೇಲೆ ಅಂಥ ಮಾತು ಬರೆದವಳೂ ನಾನೇ. ವೆಂಕಟಮ್ಮ ಬಸ್‌ಸ್ಟ್ಯಾಂಡಲ್ಲಿ ಟೀ ಕೊಡಿಸ್ತೀನಿ ಅಂದಳು. ಬೇಡ ಅಂದು ಬಸ್ಸು ಹತ್ತಿದೆ.

ಅವಳನ್ನ ಇನ್ನೂ ಬಿಟ್ಟು ಬಂದಿಲ್ಲ ಅಂದರೆ ನೀನು ಪುಣ್ಯವಂತ. ಬಿಟ್ಟು ಬಂದಿದ್ದರೆ ನಾಳೆಯೇ ಹೋಗಿ ಕರ್ಕೊಂಡು ಬಾ. ಸಮಾಧಾನ ಆಗದಿದ್ದರೆ ಪರೀಕ್ಷೆ ಇನ್ನೊಂದು ಸಲ ಮಾಡಿಸಿಬಿಡು, ಎಲ್ಲ ತೀರಿಹೋಗುತ್ತೆ. ನನ್ನ ಕಾಗದ ಅವಳ ಕಣ್ಣಿಗೆ ಬಿದ್ದಿಲ್ಲ ತಾನೇ?

ಅತ್ತೆ


ತಿ. ನರಸೀಪುರ
30-8-1998

ಅತ್ತೆ,

ನಾನು ಪುಣ್ಯವಂತ ಅಲ್ಲ. ನಿನ್ನ ಮೊದಲಿನ ಕಾಗದ ಬಂದ ವಾರವೇ ಅವಳನ್ನ ತಲಕಾಡಿಗೆ ಬಿಟ್ಟು ಬಂದಿದ್ದೆ.

ಅಲ್ಲಿ ಬಸ್ಸಿಳಿದು ಮರಳಲ್ಲಿ ನಡೀತಾ ಹೋಗುವಾಗ ಕೇಳಿದಳು, ‘ಮೂರು ತಿಂಗಳೂ ತುಂಬಿಲ್ಲ, ಈಗಲೇ ಯಾಕೆ? ಸೋಮಣ್ಣನ್ನ ಯಾಕೆ ಬರಬೇಡ ಅಂದ್ರಿ? ನನ್ನ ಮುಖ ಯಾಕೆ ನೋಡಲ್ಲ?’ ಅಂತ. ನಿನ್ನ ಕಾಗದ ಜೇಬಲ್ಲಿತ್ತು. ಅದನ್ನೇ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಓದಿ ಮುಗಿಸೋವರೆಗೂ ಬ್ಯಾಗು ಹಿಡ್ಕೊಂಡು ನಿಂತಿದ್ದೆ. ಓದಿ, ಮಡಿಚಿ, ನನ್ನ ಕೈಯಿಂದ ಬ್ಯಾಗು ಇಸ್ಕೊಂಡು ಒಬ್ಬಳೇ ಮನೆ ಕಡೆ ಹೋದಳು. ಕಾಗದ ಅವಳ ಹತ್ರವೇ ಇದೆ.

ನಿನ್ನ ಎರಡನೇದು ಬಂದ ಮೇಲೆ ಹೋದೆ. ನಮ್ಮ ಮಾವನಿಗೆ ಏನೂ ಗೊತ್ತಿಲ್ಲ. ಅಳಿಯ ಮಗಳನ್ನ ಬಿಟ್ಟಿರಲಾರದೆ ಬಂದ ಅಂತ ನಗಾಡಿ ಉಪ್ಪಿಟ್ಟು ಮಾಡಿಸಿದರು. ರಮ್ಯ ಎಲ್ಲರ ಮುಂದೆ ನಗುನಗ್ತಾನೇ ಬಡಿಸಿದಳು. ಇನ್ನೊಂಚೂರು ಹಾಕಲಾ ಅಂತಲೂ ಕೇಳಿದಳು.

ಹಿತ್ತಲಲ್ಲಿ ಎಲ್ಲ ಹೇಳಿದೆ. ಪಂಪ್‌ಸೆಟ್ ಮನೆ, ಬಾಳೆಪಟ್ಟೆ, ಡಾಕ್ಟ್ರಮ್ಮ ಹೇಳಿದ್ದು. ಅವಳು ನಗ್ತಾಳೋ ಅಳ್ತಾಳೋ ಅಂತ ನೋಡಿದೆ. ಎರಡೂ ಇಲ್ಲ. ಹಾಗಾದ್ರೆ ಮಾರ್ಚಿಂದ ಗೊತ್ತಿತ್ತು ಅಂದಳು. ಹೂಂ ಅಂದೆ. ಯುಗಾದೀಲಿ ಅಪ್ಪ ಮತ್ತೆ ಬೇರೆ ಹೆಣ್ಣು ನೋಡ್ತೀನಿ ಅಂದಾಗಲೂ ಗೊತ್ತಿತ್ತು ಅಂದಳು. ಹೂಂ ಅಂದೆ. ಆಗ ದೋಷ ನನ್ನದೇ ಅಂತ ಎಲ್ಲರೂ ಅಂದುಕೊಂಡಿದ್ರು, ನೀವು ಸುಮ್ನೆ ಇದ್ರಿ ಅಂದಳು.

ಇನ್ನೊಂದು ಸಲ ಪರೀಕ್ಷೆ ಮಾಡಿಸ್ತೀನಿ ರಮ್ಯ, ಅನುಮಾನ ಎಲ್ಲ ತೀರಿಹೋಗುತ್ತೆ ಅಂತ ನೀನು ಹೇಳಿದ ಹಾಗೇ ಹೇಳಿದೆ. ಆಗ ಮೊದಲ ಸಲ ನನ್ನ ಮುಖ ನೋಡಿದಳು. ಅವಳು ಹೇಳಿದ್ದು ಹಾಗೇ ಬರೀತೀನಿ.

‘ಯಾರ ಅನುಮಾನ ರೀ? ನನಗೇನೂ ಅನುಮಾನ ಇಲ್ಲ. ಮಗು ನಿಮ್ದೋ ಅಲ್ವೋ ಅಂತ ಕಾಗದ ತಗೊಂಡು ಈ ಮನೆಗೆ ಬರೋದಾದ್ರೆ ಬರಲೇಬೇಡಿ. ಆದ್ರೆ ಆ ಬೆಂಚಿನ ಮೇಲೆ ಮಾತ್ರ ಒಂದು ದಿನ ಕೂತ್ಕೊಳ್ಳಿ. ನಂಜನಗೂಡಲ್ಲಿ ಅಲ್ಲ, ನರಸೀಪುರದಲ್ಲಿ, ಮಂಡಿಗೆ ಹೋಗೋರೆಲ್ಲ ನೋಡೋ ಹೊತ್ತಲ್ಲಿ. ನಾನು ಕೂತಾಗ ನೀವು ಟೀ ಅಂಗಡೀಲಿ ನಿಂತಿದ್ರಲ್ಲ, ಅಲ್ಲಿಂದ ನೋಡೋದು ಬೇರೆ.’

ಬಂದುಬಿಟ್ಟೆ. ಆ ಬೆಂಚಲ್ಲಿ ಕೂರೋದು ನನ್ನಿಂದಾಗಲ್ಲ ಅತ್ತೆ.

ರುದ್ರೇಶ್


ತಿ. ನರಸೀಪುರ
23-9-1998

ಅತ್ತೆ,

ನಿನ್ನಿಂದ ಕಾಗದ ಬರಲಿಲ್ಲ. ನಿನಗೂ ಬರೆಯೋಕೆ ಆಗ್ತಿಲ್ಲ ಅಂತ ತಿಳಿದುಕೊಂಡೆ.

ನಿನ್ನೆ ಮಂಗಳವಾರ ಕೂತೆ. ಮೂರು ಮಂಗಳವಾರ ಆಸ್ಪತ್ರೆ ಗೇಟಿನವರೆಗೂ ಹೋಗಿ ವಾಪಸ್ ಬಂದಿದ್ದೆ.

ಬೆಂಚಿನ ಮೇಲೆ ಹೆಂಗಸರೇ ಇದ್ದರು. ನಾನು ಕೂತ ಕೂಡಲೇ ಸೆರಗು ಸರಿ ಮಾಡ್ಕೊಂಡು ಆ ತುದಿಗೆ ಸರಿದರು. ಅವರ ಗಂಡಂದಿರು ಟೀ ಅಂಗಡಿ ಹತ್ರ ನಿಂತಿದ್ದರು. ಅಲ್ಲಿಂದ ನನ್ನ ನೋಡ್ತಾ ಇದ್ದರು. ಎದುರಿಗೆ ಎಲೆ ಹೊತ್ತ ಸೈಕಲ್ಲುಗಳು ಹೋಗ್ತಾ ಇದ್ದವು. ನಮ್ಮೂರ ಜವರಯ್ಯ ಸೈಕಲ್ ನಿಲ್ಲಿಸಿ ಬಾಗಿಲ ಮೇಲಿನ ‘ಮಕ್ಕಳಾಗದವರ ಪರೀಕ್ಷೆ’ ಬೋರ್ಡು ಓದಿದ, ನನ್ನ ನೋಡಿದ, ಮತ್ತೆ ಬೋರ್ಡು ಓದಿದ. ಸೈಕಲ್ ಹತ್ತಿ ಹೋದ. ಅದು ಸಂಜೆಗೇ ಊರು ತಲುಪುತ್ತೆ ಅಂತ ನನಗೆ ಗೊತ್ತಿತ್ತು. ತಲುಪಿತು ಕೂಡ. ಅಪ್ಪ ರಾತ್ರಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಆಮೇಲೆ ಸೋಮಶೇಖರ್ ಬಂದ. ತೋಟಕ್ಕೆ ಬರಬೇಡ ಅಂದಮೇಲೆ ಅವನ ಮುಖ ನೋಡಿರಲಿಲ್ಲ. ದೂರದಿಂದಲೇ, ‘ಏನಣ್ಣ, ಎಂಗಸ್ರ ಬೆಂಚಲ್ಲಿ ಕುಂತಿದೀಯ, ಸಕ್ಕರೆ ಕಾಯಿಲೆ ಬಂತಾ?’ ಅಂದ. ಟೀ ಅಂಗಡಿಯೋರೆಲ್ಲ ನಕ್ಕರು. ಹೌದು ಅಂದುಬಿಡಬಹುದಿತ್ತು. ರಮ್ಯ ಈ ಬೆಂಚಲ್ಲಿ ಕೂತು ಏನೇನು ಕೇಳಿಸಿಕೊಂಡಿರಬೇಕು ಅಂತ ಆಗ ಹೊಳೀತು.

‘ಇಲ್ಲ ಕಣೋ. ಗಂಡಸರ ಪರೀಕ್ಷೆಗೆ ಬಂದಿದೀನಿ,’ ಅಂದೆ. ಧ್ವನಿ ದೊಡ್ಡದಾಗಿಯೇ ಬಂತು.

ಅವನ ನಗು ನಿಂತಿತು. ಹೋಗಿ ಎರಡು ಟೀ ತಂದು ಪಕ್ಕದಲ್ಲಿ ಕೂತ. ಎಲೆ ಕೊಯ್ಲು ಶುರುವಾಗಿದೆ, ತೋಟಕ್ಕೆ ಬಾ ಅಂತ ಮಾತ್ರ ಅಂದೆ. ಆಗಲಣ್ಣ ಅಂದ. ಆಮೇಲೆ ಲೋಟದೊಳಗೆ ನೋಡ್ತಾ, ‘ಒಳಗೆ ಏನ್ ಮಾಡ್ತಾರಣ್ಣ? ನೋಯುತ್ತಾ?’ ಅಂತ ಪಿಸುಗುಟ್ಟಿದ. ಅವನಿಗೂ ಮದುವೆ ಆಗಿ ನಾಲ್ಕು ವರ್ಷ ಆಯ್ತು, ಮಕ್ಕಳಿಲ್ಲ ಅಂತ ನನಗೆ ನೆನಪಾದದ್ದೇ ಆಗ. ನೋಯಲ್ಲ, ಒದ್ದೆ ಬಟ್ಟೆ ಮಾತ್ರ ಸುತ್ತಬೇಡ ಅಂದೆ. ಅವನಿಗೆ ಅರ್ಥ ಆಗಲಿಲ್ಲ.

ಒಳಗೆ ಹೋಗಿ ಕೊಟ್ಟು ಬಂದೆ. ಆ ರೂಮಿನ ಚಿಲಕ ಸರಿಯಾಗಿ ಬೀಳಲ್ಲ, ಒಂದು ಕಾಲು ಬಾಗಿಲಿಗೆ ಕೊಟ್ಟು ನಿಲ್ಲಬೇಕು. ಮೊದಲ ಸಲ ಅರ್ಧ ಗಂಟೆ ಅಂದದ್ದು ಸುಳ್ಳು, ಆ ಲೆಕ್ಕ ತೆಗೆದುಹಾಕಿ ಅಂತ ಡಾಕ್ಟ್ರಮ್ಮಂಗೆ ಹೇಳಿದೆ. ಅವರು ಬೈಯಲಿಲ್ಲ. ಬರೋ ಮಂಗಳವಾರ ಬಂದು ಫಲಿತಾಂಶ ತಗೊಂಡು ಹೋಗಿ ಅಂದರು.

ಅಲ್ಲಿಂದ ನೇರ ತಲಕಾಡಿಗೆ ಹೋದೆ. ಕೂತೆ ಅಂತ ಅಷ್ಟೇ ಹೇಳಿದೆ. ಯಾರ್ಯಾರು ನೋಡಿದ್ರು ಅಂತ ಕೇಳಿದಳು. ಒಬ್ಬೊಬ್ಬರ ಹೆಸರೂ ಹೇಳಿದೆ. ಸೋಮಶೇಖರನ ಹೆಸರಿಗೆ ಅವಳ ತುಟಿ ಒಂಚೂರು ಅಲುಗಿತು. ಫಲಿತಾಂಶ ಮಂಗಳವಾರ ಕೊಡ್ತಾರೆ ಅಂದೆ. ಅವಳು ಕೈಲಿದ್ದ ಮೊರ ಕೆಳಗಿಟ್ಟು, ‘ಮಂಗಳವಾರ ಎಲೆ ಕೊಯ್ಲು ಅಲ್ವಾ? ನಿಮಗೆಲ್ಲಿ ಪುರುಸೊತ್ತು?’ ಅಂದಳು.

ಹೌದು, ಪುರುಸೊತ್ತಿಲ್ಲ ಅಂದೆ.

ನಿನ್ನ ಬಗ್ಗೆ ಅವಳು ಏನೂ ಕೇಳಲಿಲ್ಲ ಅತ್ತೆ. ನಾನೇ ನಿನ್ನ ಹೆಸರೆತ್ತಿದೆ. ಎದ್ದು ಒಳಗೆ ಹೋದಳು.

ರುದ್ರೇಶ್


ಬದನವಾಳು
10-2-1999

ಸೌಭಾಗ್ಯವತಿ ರಮ್ಯಂಗೆ,

ಮಗು ಹುಟ್ಟಿತು, ಹೆಣ್ಣು, ಇಬ್ಬರೂ ಚೆನ್ನಾಗಿದೀರ ಅಂತ ರುದ್ರೇಶನ ಕಾರ್ಡು ಬಂತು. ನಿನ್ನ ಹೆಸರಿಗೆ ನಾನು ಬರೀತಿರೋ ಮೊದಲನೇ ಕಾಗದ ಇದು. ಏಳು ವರ್ಷ ‘ರಮ್ಯಂಗೆ ಆಶೀರ್ವಾದ ಹೇಳು’ ಅಂತ ಅವನ ಕಾಗದದ ಕೊನೇಲಿ ಬರೀತಿದ್ದೆ. ನೀನೂ ಓದು ಬಲ್ಲವಳು ಅನ್ನೋದು ನನಗೆ ಹೊಳೆಯಲೇ ಇಲ್ಲ. ಹೊಳೆಯೋ ಹೊತ್ತಿಗೆ ನೀನು ಓದಿದ್ದು ಅಂಥ ಕಾಗದ.

ನಾಲ್ಕು ತಿಂಗಳಿಂದ ಎಷ್ಟೋ ಸಲ ಬರೆಯೋಕೆ ಕೂತು ಎದ್ದಿದೀನಿ. ನಿನ್ನನ್ನ ಮೈಸೂರಿಗೆ ಕರ್ಕೊಂಡು ಹೋಗಿ ಕೆರೆಸಿದಾಗ, ಸ್ವಲ್ಪ ತಡ್ಕೋ ತಾಯಿ ಅಂತ ಹೇಳ್ತಾ ಇದ್ದೆ. ನಿನಗೆ ಏನೂ ಆಗಿರಲಿಲ್ಲವಂತೆ. ಏನೂ ಆಗದ ಹೊಟ್ಟೇನ ಎರಡು ಸಲ ಕೆರೆಸಿದೆ. ಮೊದಲು ಅವನನ್ನ ಒಂದು ಸಲ ನೋಡಿ ಅಂತ ನಾನೂ ಹೇಳಲಿಲ್ಲ, ಆ ಡಾಕ್ಟರೂ ಹೇಳಲಿಲ್ಲ. ಉರುಳುಸೇವೆ ಮಾಡುವಾಗ ನಿನ್ನ ಜಡೆ ಹಿಡಿದಿದ್ದನ್ನ ದೊಡ್ಡ ಉಪಕಾರ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೆ. ಕಲ್ಲು ಒತ್ತಿದ್ದು ನಿನಗೆ.

ಅವನು ಹೇಳಿದ ಒಂದೇ ಮಾತಿಗೆ ನಿನ್ನ ಕೈಬಿಟ್ಟೆ. ಒಂದು ದಿನ ಯೋಚನೆ ಮಾಡಲಿಲ್ಲ, ಒಂದು ಮಾತು ನಿನ್ನ ಕೇಳಲಿಲ್ಲ. ಹೆಂಗಸಾಗಿ ನಾನೇ ಹಾಗೆ ಬರೆದೆನಲ್ಲ. ಕ್ಷಮಿಸು ಅಂತ ಬರೆಯೋಕೆ ನಾಚಿಕೆ ಆಗುತ್ತೆ. ಬರೀತಾ ಇದೀನಿ. ಈ ಸಲ ಗೆರೆ ಎಳೆದು ಹೊಡೆದು ಹಾಕಲ್ಲ.

ಮಗು ನೋಡಬೇಕು ಅಂತ ಜೀವ ಎಳೀತಿದೆ. ನೀನು ಬಾ ಅಂದರೆ ಬತ್ತೀನಿ. ಬೇಡ ಅಂದರೆ ಇಲ್ಲೇ ಇರ್ತೀನಿ, ಮನಸ್ಸಿಗೆ ಕೆಟ್ಟದ್ದು ತಂದುಕೊಳ್ಳಲ್ಲ. ಉತ್ತರ ಬರೆಯದೆ ಇದ್ದರೂ ತಿಳ್ಕೋತೀನಿ.

ಮಲ್ಲಾಜಮ್ಮ


ತಲಕಾಡು
19-2-1999

ಅತ್ತೆಯವರಿಗೆ,

ನಿಮ್ಮ ಕಾಗದ ಬಂತು. ಹಳೇದನ್ನ ನಿನ್ನೆ ಮಗುವಿನ ನೀರೊಲೆಗೆ ಹಾಕಿದೆ. ಇದನ್ನ ಇಟ್ಟುಕೊಂಡಿದೀನಿ.

ಬನ್ನಿ. ಮಗುಗೆ ಸುತ್ತೋಕೆ ನಿಮ್ಮ ಖಾದಿ ಸೀರೆ ಒಂದು ತನ್ನಿ. ಹೊಸದು ಬೇಡ, ಉಟ್ಟು ಒಗೆದು ಮೆತ್ತಗಾಗಿರೋದು. ಇಲ್ಲಿ ಬೆಳಗ್ಗೆ ಹೊತ್ತು ಚಳಿ, ಇವಳಿಗೆ ಮೈ ಬೆಚ್ಚಗಿರಬೇಕು.

ಒಂದೇ ಒಂದು ಮಾತು. ಎತ್ತಿಕೊಂಡ ಕೂಡಲೇ ಮಗು ಯಾರ ಹಾಗಿದೆ ಅಂತ ಹೇಳಬೇಡಿ. ಇವರ ಹಾಗೇ ಇದೆ ಅಂತ ಅನ್ನಿಸಿದರೂ ಹೇಳಬೇಡಿ.

ರಮ್ಯ